ಅನ್ನವಿಲ್ಲದ ತಟ್ಟೆ

"ಸಂಜೆ ಅಂಗಡಿಯಿಂದ ಬಂದರೆ ನನ್ನ ಹೆಂಡತಿ ಚಪ್ಪಲಿ ಬಿಡುವ ಮೊದಲು ಒಲೆ ಹಚ್ಚುತ್ತಾಳೆ" ಎಂದು ಅವಳ ಗಂಡ ಕಂಡಕಂಡವರ ಮುಂದೆ ಹಾಸ್ಯ ಮಾಡುತ್ತಿದ್ದ. ಅದು ಪೂರಾ ಸುಳ್ಳೂ ಆಗಿರಲಿಲ್ಲ. ಅವಳು ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಬೀದಿಯವರಿಗೆಲ್ಲ ಕನ್ನಡಕದಮ್ಮ. ದಿನವಿಡೀ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಬಂದವರ ಮೂಗಿನ ಮೇಲಿಟ್ಟು ಓರೆಕೋರೆ ತಿದ್ದಿ, ಕಣ್ಣು ಉರಿಯುತ್ತ ಮನೆಗೆ ಬರುವವಳಿಗೆ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ನಿಲ್ಲುವ ಕಸುವು ಎಲ್ಲಿರಬೇಕು? ಬೆಳಗ್ಗೆ ಹೊರಡುವ ಮುಂಚೆಯೇ ಕೋಳಿ ತುಂಡುಗಳಿಗೆ ಮೊಸರು, ಉಪ್ಪು, ಕಾಳುಮೆಣಸಿನ ಪುಡಿ, ನಿಂಬೆರಸ ಹಚ್ಚಿ ಫ್ರಿಜ್ಜಿನಲ್ಲಿಟ್ಟು ಹೋಗುತ್ತಿದ್ದಳು. ಬಂದ ಕೂಡಲೇ ಅಗಲದ ಬಾಣಲೆ ಒಲೆಗೇರುತ್ತಿತ್ತು. ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಅದರ ಬೆನ್ನಿಗೇ ಕೋಳಿ. ತುಂಡುಗಳು ಒಂದು ಮಗ್ಗುಲು ಕೆಂಪಗಾಗುವುದರೊಳಗೆ ಎಲೆಕೋಸು, ದಪ್ಪ ಮೆಣಸಿನಕಾಯಿ, ಬೀನ್ಸು ಹೆಚ್ಚಿ ಮುಗಿದಿರುತ್ತಿತ್ತು. ಹೂಕೋಸನ್ನು ತುರಿದು, ಚಿಟಿಕೆ ಉಪ್ಪು ಹಾಕಿ ಬಾಡಿಸಿ, ಅನ್ನದ ಜಾಗದಲ್ಲಿ ಬಡಿಸುತ್ತಿದ್ದಳು.

"ಅನ್ನದ ಹಾಗೇ ಇದೆ ಅಂತೀಯಲ್ಲ, ಇದು ಅನ್ನದ ಮಲತಮ್ಮ ಕಣೆ," ಅನ್ನುತ್ತಿದ್ದ ಗಂಡ. "ಮುಖ ಒಂದೇ, ಗುಣ ಬೇರೆ."

"ಬಾಯಿ ಮುಚ್ಕೊಂಡು ತಿನ್ರೀ."

"ಬಾಯಿ ಮುಚ್ಕೊಂಡು ಹೇಗೆ ತಿನ್ನೋದೇ?"

ಹೀಗೆ ಗೊಣಗುತ್ತಲೇ ತಟ್ಟೆ ಬಳಿದು ಏಳುತ್ತಿದ್ದ. ಅವನು ಬಸ್ಸಿನ ಡ್ರೈವರು. ಕೆಲಸದ ಕಡೆ ಮಾಡಿಸಿದ ತಪಾಸಣೆಯಲ್ಲಿ ಸಕ್ಕರೆ ಕಾಯಿಲೆ ಹೊರಬಿದ್ದಿತ್ತು. ಅವನ ಅಪ್ಪನಿಗೆ ಅದು ಹಳೆಯ ನೆಂಟ. ಡಾಕ್ಟರಮ್ಮ ಅವಳನ್ನೂ ಎದುರು ಕೂರಿಸಿಕೊಂಡು, ಮಾತ್ರೆ ತಪ್ಪಿಸಬಾರದು, ಅನ್ನ, ಬ್ರೆಡ್ಡು, ಆಲೂಗಡ್ಡೆ, ಸಿಹಿ ಎಲ್ಲಕ್ಕೂ ಕಡಿವಾಣ ಹಾಕಬೇಕು, ಕೋಳಿ, ಮೊಟ್ಟೆ, ಹಸಿರು ತರಕಾರಿ ಹೆಚ್ಚಾಗಲಿ ಎಂದಿದ್ದರು. ಅಂದಿನಿಂದ ಆ ಮನೆಯಲ್ಲಿ ವಾರದ ರಾತ್ರಿಗಳಿಗೆ ಇದೇ ಊಟ. ಮಾವ, ಗಂಡ, ಅವಳು, ಮೂವರೂ ಅದನ್ನೇ ಉಣ್ಣುತ್ತಿದ್ದರು. ಒಬ್ಬರಿಗೆ ಪಥ್ಯ, ಇನ್ನೊಬ್ಬರಿಗೆ ಹಬ್ಬದೂಟ ಆದರೆ ಮನೆ ಮನೆಯಾಗಿ ಉಳಿಯುವುದಿಲ್ಲ ಎಂಬುದು ಅವಳ ಲೆಕ್ಕ. ಗಂಡನ ಹೊಟ್ಟೆ ಮಾತ್ರ ಇಳಿಯಲೊಲ್ಲದು. "ಗಾಳಿ ಕುಡಿದ್ರೂ ಊದ್ಕೊಳ್ಳೋ ಮೈ ಕಣೆ ನಂದು," ಎಂದು ಅವನು ನಿಟ್ಟುಸಿರು ಬಿಟ್ಟರೆ ಅವಳಿಗೆ ಅಯ್ಯೋ ಅನ್ನಿಸಿ, ಮರುದಿನ ಎಣ್ಣೆ ಇನ್ನೊಂದು ಚಮಚ ಕಮ್ಮಿಯಾಗುತ್ತಿತ್ತು.

ಒಂದು ದಿನ ಬೆಳಗಿನ ಮೊದಲ ಟ್ರಿಪ್ಪು ಮುಗಿಸಿ ಬಂದ ಅವನು ಡಿಪೋದಲ್ಲಿ ಬಸ್ಸು ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೀರಿಂಗಿನ ಮೇಲೆ ತಲೆಯಿಟ್ಟ. ನಿದ್ದೆ ಹತ್ತಿರಬೇಕು, ಪಾಪ, ಎಂದುಕೊಂಡು ಯಾರೂ ಎಬ್ಬಿಸಲು ಹೋಗಲಿಲ್ಲ. ಎಬ್ಬಿಸಿದ್ದರೂ ಅವನು ಏಳುತ್ತಿರಲಿಲ್ಲ. ಹೃದಯ ಅಷ್ಟು ಹೊತ್ತಿಗಾಗಲೇ ನಿಂತಿತ್ತು.

ಮಾಡಬೇಕಾದ್ದನ್ನೆಲ್ಲ ಮಾಡಿ, ಬಂದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದ ಮೇಲೆ ಅವಳು ನೀರು ಕುಡಿಯಲೆಂದು ಫ್ರಿಜ್ಜು ತೆಗೆದಳು. ಅವನು ಹೋದ ದಿನ ಬೆಳಗ್ಗೆ ಮೊಸರು ಹಚ್ಚಿಟ್ಟ ಕೋಳಿ ಮುಚ್ಚಿದ ಬಟ್ಟಲಿನಲ್ಲಿ ಹಾಗೇ ಕೂತಿತ್ತು. ಅದನ್ನು ಹಿತ್ತಲ ಕಸದ ಡಬ್ಬಕ್ಕೆ ಸುರಿದು, ಬಟ್ಟಲು ತೊಳೆದು ಬೋರಲು ಹಾಕಿದಳು. ಆಮೇಲೆ ಆ ಬಟ್ಟಲನ್ನು ಅವಳು ಮುಟ್ಟಲಿಲ್ಲ.

ತಿಂಗಳುಗಳು ಹೇಗೋ ಉರುಳಿದವು. ಅಂಗಡಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಸಂಜೆ ಒಲೆ ಹಚ್ಚಿದರೆ ಚಹಾಕ್ಕೆ ಮಾತ್ರ. ಮಾವ ಬಡಗಿ ಕೆಲಸ ಮಾಡಿ ಬದುಕಿದವರು, ಮೊದಲೇ ಮಾತು ಕಮ್ಮಿ. ಈಗ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಏನು ತಿಂದಿರಿ ಎಂದು ಅವಳು ಕೇಳಲಿಲ್ಲ, ನೀನು ತಿಂದೆಯಾ ಎಂದು ಅವರೂ ಕೇಳಲಿಲ್ಲ. ಇಬ್ಬರೂ ಒಂದೇ ದುಃಖವನ್ನು ಎರಡು ಕೋಣೆಯಲ್ಲಿಟ್ಟುಕೊಂಡು ಬಾಗಿಲು ಹಾಕಿಕೊಂಡಿದ್ದರು.

ಮಾವನ ಕಾಲುಚೀಲದಲ್ಲಿ ಕಲೆ ಕಂಡಿದ್ದು ಬಟ್ಟೆ ಒಗೆಯುವಾಗ. ಕೇಳಿದರೆ, "ಏನೋ ಚಪ್ಪಲಿ ಕಡಿದಿರಬೇಕು, ನೋವೇನಿಲ್ಲ," ಅಂದರು. ನೋವಿಲ್ಲದ್ದೇ ಕೆಟ್ಟದ್ದು ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಸಕ್ಕರೆ ಏರಿ ಕಾಲು ಮರಗಟ್ಟಿತ್ತು, ಹುಣ್ಣು ಮೂಳೆಗಿಳಿದಿತ್ತು. ಎಡಗಾಲಿನ ಕಿರುಬೆರಳು ತೆಗೆಯಬೇಕಾಯಿತು. ಅದೇ ಡಾಕ್ಟರಮ್ಮ. "ಊಟ ಹೇಗಿದೆ?" ಎಂದು ಕೇಳಿದಾಗ ಅವಳು ನೆಲ ನೋಡಿದಳು. ದಿನಾ ಊರಿನವರ ಕಣ್ಣು ಸರಿಮಾಡುವವಳಿಗೆ ತನ್ನ ಮನೆಯೊಳಗಿದ್ದ ಕಾಲು ಕಂಡಿರಲಿಲ್ಲ.

ಮಾವನನ್ನು ಮನೆಗೆ ಕರೆತಂದ ಮರುದಿನ ಕೋಳಿ ತಂದಳು. ಬೇರೆ ಬಟ್ಟಲಿನಲ್ಲಿ ಮೊಸರು ಹಚ್ಚಿಟ್ಟಳು. ಸಂಜೆ ಬಂದು ಬೆಳ್ಳುಳ್ಳಿಯನ್ನು ಎಣ್ಣೆಗೆ ಹಾಕಿ, ಆ ಘಮ ಏಳುತ್ತಲೇ ಒಲೆ ಆರಿಸಿ ಹಿತ್ತಲಿಗೆ ಹೋಗಿ ಬಂದಳು. ಆದರೂ ಮಾಡಿದಳು. ತಟ್ಟೆ ತಂದು ಮಾವನ ಮುಂದಿಟ್ಟಳು. ಅವರು ಅದನ್ನು ನೋಡುತ್ತಲೇ ಕೂತರು.

"ತಣ್ಣಗಾಗುತ್ತೆ ಮಾವ, ತಿನ್ನಿ."

"ಹಸಿವಿಲ್ಲಮ್ಮ."

"ಎರಡು ತುಂಡಾದ್ರೂ ತಿನ್ನಿ. ಮಾತ್ರೆ ತಗೋಬೇಕಲ್ಲ."

"ಇದನ್ನೇ ಅಲ್ವೇನಮ್ಮ ಅವನೂ ತಿಂದಿದ್ದು? ಒಂದು ದಿನ ಬಿಡದೆ ತಿಂದ. ಏನಾಯ್ತು?" ಮಾವ ತಟ್ಟೆಯನ್ನು ಬೆರಳ ತುದಿಯಿಂದ ದೂಡಿದರು. "ಅವನನ್ನೇ ಉಳಿಸದ ಊಟ ನನ್ನನ್ನೇನು ಉಳಿಸುತ್ತೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮೇಲೆ ಅವರಿಗೇ ದಿಗಿಲಾಗಿ ಸೊಸೆಯ ಮುಖ ನೋಡಿದರು. ಗಾಜು ಉಜ್ಜುವ ಯಂತ್ರದ ಮುಂದೆ ಕೂತು ಅವಳು ದಿನಾ ತನಗೆ ತಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯದು. ಉಪ್ಪು ಹೆಚ್ಚಾಯಿತೇ? ಎಣ್ಣೆ ಹೆಚ್ಚಾಯಿತೇ? ಅನ್ನ ಬಿಡಿಸಿದ್ದೇ ತಪ್ಪಾಯಿತೇ? ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲೂ ಅವಳು ಮಾಡುವುದು ಬಿಡಲಿಲ್ಲ, ಅವರು ತಿನ್ನುವುದು ಹೆಚ್ಚಲಿಲ್ಲ. ಕೆದಕಿ, ಕೋಳಿ ಒಂದು ಕಡೆ ತರಕಾರಿ ಒಂದು ಕಡೆ ಮಾಡಿ, ಅರ್ಧಕ್ಕರ್ಧ ಬಿಟ್ಟು ಏಳುತ್ತಿದ್ದರು.

ಹೀಗಿರುವಾಗ ಒಂದು ಸಂಜೆ, ಬಾಣಲೆ ಒಲೆಯ ಮೇಲಿರುವಾಗಲೇ ಕಂಡಕ್ಟರು ಬಂದ. ಗಂಡನ ಬಸ್ಸಿನಲ್ಲೇ ವರ್ಷಗಳಿಂದ ದುಡಿದವನು. ಬಾಯಲ್ಲಿ ಸದಾ ಸೀಟಿ ಇರುತ್ತಿದ್ದುದರಿಂದ ಡಿಪೋದಲ್ಲಿ ಅವನ ಹೆಸರೇ ಸೀಟಿ. ಡಿಪೋದ ಪೆಟ್ಟಿಗೆಯಲ್ಲಿ ಉಳಿದಿದ್ದ ಗಂಡನ ಸ್ವೆಟರು, ಬಿಸಿಲಿಗೆಂದು ಅವಳೇ ಮಾಡಿಕೊಟ್ಟಿದ್ದ ಕಪ್ಪು ಕನ್ನಡಕ ತಂದಿದ್ದ. "ಮೊದಲೇ ತರಬೇಕಿತ್ತು ಅತ್ತಿಗೆ. ಈ ಬೀದಿ ತಿರುವಿನ ತನಕ ಬಂದು ವಾಪಸ್ ಹೋಗಿದ್ದೀನಿ, ಒಳಗೆ ಬರೋಕೆ ಧೈರ್ಯ ಆಗ್ಲಿಲ್ಲ," ಅಂದ. ಮಾವನ ಪಕ್ಕ ಕೂತು, ಮೂಗರಳಿಸಿ, ಅರ್ಧ ನಗುತ್ತ ಅರ್ಧ ಕಣ್ಣೊರೆಸುತ್ತ ಮಾತು ಬಿಚ್ಚಿದ.

"ಇದೇ ಅಲ್ವಾ ಅತ್ತಿಗೆ ಆ ಕೋಳಿ? ಅಣ್ಣ ದಿನಾ ಹೇಳ್ತಿದ್ದ. ಡ್ಯೂಟಿ ಮುಗಿಸಿ ಡಿಪೋ ಗೇಟಿನ ಬೇಕರೀಲಿ ಕೂತ್ಕೋತಿದ್ವಲ್ಲ, ಕೆನೆ ಬನ್ನು ಎರಡು, ಟೀಗೆ ಸಕ್ಕರೆ ಜಾಸ್ತಿ, ಒಂದೊಂದಿನ ಆಲೂಗಡ್ಡೆ ಪಫ್ಫು. 'ಯಾಕಣ್ಣ, ಮನೇಲಿ ಊಟ ಇಲ್ವಾ?' ಅಂದ್ರೆ, 'ಇದೆ ಕಣೋ, ಮೇವಿದೆ. ಅವಳು ಸುಸ್ತಾಗಿ ಬಂದು ಮಾಡಿರ್ತಾಳೆ, ಒಂದು ಚೂರು ಬಿಟ್ರೂ ಮುಖ ಸಣ್ಣ ಮಾಡ್ಕೋತಾಳೆ. ಅದನ್ನೂ ಪೂರ್ತಿ ತಿಂತೀನಿ' ಅನ್ನೋನು. ದಿನಕ್ಕೆ ಎರಡೆರಡು ರಾತ್ರಿ ಊಟ, ಅತ್ತಿಗೆ! ಅಂಥ ಮನುಷ್ಯ..."

ಅಷ್ಟರಲ್ಲಿ ಯಾರೂ ನಗುತ್ತಿಲ್ಲ ಎಂಬುದು ಸೀಟಿಗೆ ಅರಿವಾಯಿತು. ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಅತ್ತಿಗೆ ಸ್ವೆಟರನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. "ಬರ್ತೀನಿ ಅತ್ತಿಗೆ, ಕೊನೇ ಬಸ್ಸಿಂದು ನಂದೇ ಡ್ಯೂಟಿ," ಎಂದು ಎದ್ದವನು ಮೆಟ್ಟಿಲಿಳಿಯುವಾಗ ಎಡವಿದ.

ಒಳಗೆ ಎಲೆಕೋಸು ತಳ ಹಿಡಿದ ವಾಸನೆ ಬಂತು. ಅವಳು ಹೋಗಿ ಒಲೆ ಆರಿಸಿದಳು. ಸಟ್ಟುಗವನ್ನು ಬಾಣಲೆಗೆ ಕುಕ್ಕಿದಳು. ಇನ್ನೊಮ್ಮೆ ಕುಕ್ಕಿದಳು.

"ಕೇಳಿದ್ರಾ ಮಾವ?" ಅವಳ ದನಿ ಅವಳಿಗೇ ಗುರುತು ಹತ್ತದಷ್ಟು ಜೋರಾಗಿತ್ತು. "ನಾನಿಲ್ಲಿ ಬೆಳಗಾಗೆದ್ದು ಕೋಳಿಗೆ ಮೊಸರು ಹಚ್ಚೋದು, ಇವರು ಅಲ್ಲಿ ಬನ್ನಿಗೆ ಕೆನೆ ಹಚ್ಚಿಸ್ಕೊಳ್ಳೋದು! ಗಾಳಿ ಕುಡಿದ್ರೂ ಊದ್ಕೊಳ್ಳುತ್ತಂತೆ ಮೈ. ಯಾವ ಗಾಳಿ ಅಂತ ಈಗ ಗೊತ್ತಾಯ್ತು! ಬೇಡ ಅಂತ ಒಂದು ಮಾತು ಹೇಳಿದ್ರೆ ನಾನೇನು ನುಂಗಿಬಿಡ್ತಿದ್ನಾ? ಕಳ್ಳ! ನನ್ನ ಕೈಯಡುಗೆ ಉಂಡು ಉಂಡು ನನಗೇ..."

ಅಲ್ಲಿಗೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಸತ್ತವನನ್ನು ಬೈದುಬಿಟ್ಟೆನಲ್ಲ, ಅದೂ ಹೆತ್ತ ಅಪ್ಪನ ಎದುರಿಗೆ.

ಮಾವ ಗೋಡೆ ಹಿಡಿದು, ಬ್ಯಾಂಡೇಜಿನ ಕಾಲನ್ನು ಎಳೆಯುತ್ತ ಅಡುಗೆಮನೆಗೆ ಬಂದರು. ಎಂದೂ ಬಾರದವರು.

"ಯಾಕಮ್ಮ ನಿಲ್ಲಿಸಿದೆ? ಬೈ."

"ತಪ್ಪಾಯ್ತು ಮಾವ. ಹೋದವರನ್ನ ಬೈಬಾರದು."

"ಯಾರು ಹೇಳಿದ್ದು? ಅವನೇನು ನಮಗೆ ಹೇಳಿ ಕೇಳಿ ಹೋದನಾ?" ಮುದುಕರು ಒಲೆಯ ಕಟ್ಟೆಗೆ ಕೈಯೂರಿ ನಿಂತರು. "ಅವಿವೇಕಿ. ಸಣ್ಣವನಿದ್ದಾಗಿಂದ ಹೀಗೇ. ಹಾಲಿನ ಪುಡಿ ಡಬ್ಬಿ ಖಾಲಿ ಮಾಡಿ, ಮೂತಿ ತುಂಬ ಬೆಳ್ಳಗೆ ಬಳ್ಕೊಂಡು, ನಾನಲ್ಲ ಬೆಕ್ಕು ಅನ್ನೋನು. ನಮ್ಮನೇಲಿ ಬೆಕ್ಕೇ ಇರಲಿಲ್ಲ! ಅವರಮ್ಮ ಬೈಯೋಕೆ ಹೋದ್ರೆ ನಾನೇ ಅಡ್ಡ ಬರ್ತಿದ್ದೆ. ಬೈಬೇಕಿತ್ತು. ಚೆನ್ನಾಗಿ ಬೈಬೇಕಿತ್ತು."

ಅವಳಿಗೆ ನಗು ಉಕ್ಕಿ ಬಂತು. ಸಾವಿನ ನಂತರ ಬಂದ ಮೊದಲ ನಗು ಅದು. ಅರ್ಧ ದಾರಿಯಲ್ಲೇ ಅಳುವಾಗಿ ತಿರುಗಿತು. ಒಲೆಯ ಕಟ್ಟೆಗೆ ಹಣೆಯಿಟ್ಟು ಬಿಕ್ಕಿದಳು. ಮಾವ ಪಕ್ಕದಲ್ಲೇ ನಿಂತು, ಕಣ್ಣೊರೆಸಿಕೊಳ್ಳುವ ಗೋಜಿಗೂ ಹೋಗದೆ ಅತ್ತರು. ನಡುನಡುವೆ ಒಬ್ಬರು, "ಪಫ್ಫಂತೆ, ಪಫ್ಫು," ಅನ್ನುವುದು, ಇನ್ನೊಬ್ಬರು, "ಮೇವಂತೆ," ಅನ್ನುವುದು, ಮತ್ತೆ ಅಳು.

ಕೊನೆಗೆ ಮಾವ, "ಅವತ್ತು ನಾನು ಆ ಮಾತು ಆಡಬಾರದಿತ್ತಮ್ಮ," ಅಂದರು.

"ನನ್ನ ಮನಸ್ಸಲ್ಲೂ ಅದೇ ಇತ್ತು ಮಾವ. ನೀವು ಬಾಯಿ ಬಿಟ್ಟು ಹೇಳಿದ್ರಿ, ಅಷ್ಟೆ."

ಸೀದದ್ದನ್ನು ಬಿಟ್ಟು ಮೇಲಿನದನ್ನು ಎರಡು ತಟ್ಟೆಗೆ ಹಾಕಿದಳು. ಅಡುಗೆಮನೆಯಲ್ಲೇ ಕೂತು ತಿಂದರು. ರುಚಿಯೇನೂ ಇರಲಿಲ್ಲ. ಮಾವ ಏನೂ ಬಿಡಲಿಲ್ಲ.

ಮುಂದಿನ ಸಲ ಗಾಯ ತೋರಿಸಲು ಹೋದಾಗ ಅವಳು ಡಾಕ್ಟರಮ್ಮನನ್ನು ಕೇಳಿಯೇ ಬಿಟ್ಟಳು. "ಆ ಬನ್ನು ತಿನ್ನದೇ ಇದ್ದಿದ್ರೆ ಅವರು ಉಳೀತಿದ್ರಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೌದು ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲಮ್ಮ. ರಕ್ತನಾಳ ಕಟ್ಕೊಳ್ಳೋದು ವರ್ಷಗಟ್ಟಲೆ ನಡೆಯೋ ಕೆಲಸ. ನೀವು ಅಡುಗೆ ಬದಲಾಯಿಸೋಕೆ ಎಷ್ಟೋ ಮುಂಚೆ ಶುರುವಾಗಿರುತ್ತೆ."

ಸಮಾಧಾನಕ್ಕೆ ಹೇಳಿದ ಮಾತು, ಅವಳಿಗೆ ಸಮಾಧಾನವಾಗಲಿಲ್ಲ. ತಪ್ಪು ತನ್ನದಾಗಿದ್ದರೆ ಅತ್ತು ಹಗುರಾಗಬಹುದಿತ್ತು, ಅವನದಾಗಿದ್ದರೆ ಬೈದು ಹಗುರಾಗಬಹುದಿತ್ತು. ಇಬ್ಬರದೂ ಅಲ್ಲದ್ದನ್ನು ಎಲ್ಲಿ ಇಳಿಸುವುದು? ವಾಪಸ್ ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತ್ತು. ದಾರಿಯುದ್ದಕ್ಕೂ ಅವಳು ಯಾರೋ ಡ್ರೈವರನ ಕತ್ತಿನ ಹಿಂಭಾಗವನ್ನೇ ನೋಡುತ್ತ ಬಂದಳು.

ಹುಣ್ಣು ಮಾಯಿತು. ಬೆರಳು ಹೋದದ್ದು ಹೋಯಿತು, ಕಾಲು ಉಳಿಯಿತು. ಮಾವ ಈಗ ಸಂಜೆ ಅವಳು ಬರುವ ಹೊತ್ತಿಗೆ ತರಕಾರಿ ಹೆಚ್ಚುತ್ತ ಕೂತಿರುತ್ತಾರೆ. ಬಡಗಿಯ ಕೈ, ಬೀನ್ಸಿನ ಒಂದು ತುಂಡು ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಉದ್ದವಿರುವುದಿಲ್ಲ. ಆದರೆ ಅಷ್ಟು ನಾಜೂಕು ಮಾಡುವುದರೊಳಗೆ ಅವಳು ಬಂದು, ಬಾಣಲೆ ಕಾದು, ಕೋಳಿ ಬೆಂದೇ ಹೋಗಿರುತ್ತದೆ. "ಮಾವ, ಇದು ಅಡುಗೆ, ಬಾಗಿಲ ಚೌಕಟ್ಟಲ್ಲ," ಎಂದು ಗದರುತ್ತಾಳೆ.

ಮೊನ್ನೆ ಬಾಣಲೆ ಒಲೆಯ ಮೇಲಿರುವಾಗಲೇ ಅವಳ ಅಣ್ಣ ಫೋನು ಮಾಡಿದ್ದ. ಎಷ್ಟು ದಿನ ಅಂತ ಅಲ್ಲಿರ್ತೀಯ, ತವರಿಗೆ ಬಂದುಬಿಡು, ಇಲ್ಲೂ ಕನ್ನಡಕದ ಅಂಗಡಿಗಳಿವೆ, ಎಂದ. ಯೋಚಿಸಿ ಹೇಳ್ತೀನಿ ಅಂತಲೂ ಅನ್ನದೆ, ಬರಲ್ಲ ಅಣ್ಣ ಅಂದುಬಿಟ್ಟಳು. ಮಾವ ಕೇಳಿಸಿಕೊಂಡಿದ್ದರು.

"ನನಗೋಸ್ಕರ ಉಳೀಬೇಡಮ್ಮ. ನಾನು ಹೇಗೋ ಬೇಯಿಸ್ಕೋತೀನಿ."

"ನಿಮಗೋಸ್ಕರ ಅಲ್ಲ ಮಾವ. ಅಲ್ಲಿಗೆ ಹೋದ್ರೆ ಎಲ್ಲರೂ ನಿಮ್ಮ ಮಗನ್ನ ಪಾಪ, ಒಳ್ಳೆಯವನು ಅಂತಲೇ ಅಂತಾರೆ. ಕೂತು ಬೈಯೋಕೆ ನನಗೆ ಜೊತೆ ಯಾರಿದ್ದಾರೆ?"

ಮಾವ ಬಾಣಲೆಯಿಂದ ಒಂದು ಎಲೆಕೋಸಿನ ಎಸಳು ತೆಗೆದು ಬಾಯಿಗೆ ಹಾಕಿಕೊಂಡು, ಬಿಸಿಗೆ ಹಾ ಎಂದು, ತುಂಬ ಹೊತ್ತು ಅಗಿದರು. ಆಮೇಲೆ, "ಉಪ್ಪು ಕಮ್ಮಿ," ಅಂದರು.