ಗಂಗಾ ಕರೆದದ್ದು ಯಾರನ್ನ

ಗಂಡ ಬಾಳಾಸಾಹೇಬನ ವರ್ಷದ ಕಾರ್ಯ ಮುಗಿಯುವವರೆಗೆ ಅವನ ಫೋನನ್ನು ಮುಟ್ಟಬಾರದು ಎಂದು ನಾಗರತ್ನಾ ತನಗೆ ತಾನೇ ಕಟ್ಟು ಹಾಕಿಕೊಂಡಿದ್ದಳು. ಹಾಗಂತ ಯಾರೂ ಹೇಳಿರಲಿಲ್ಲ. ಮೊಬೈಲಿಗೆ ಮಡಿ ಮೈಲಿಗೆ ಗೊತ್ತುಮಾಡುವಷ್ಟು ಪುರುಸೊತ್ತು ಯಾವ ಅಯ್ಯನವರಿಗೂ ಇನ್ನೂ ಸಿಕ್ಕಿಲ್ಲ. ನಿಜ ಹೇಳಬೇಕೆಂದರೆ ಆಕೆಗೆ ಹೆದರಿಕೆ. ಟ್ರಂಕಿನ ತಳದಲ್ಲಿ, ಬಾಳಾಸಾಹೇಬನ ಮದುವೆಯ ಕೋಟಿನ ಕೆಳಗೆ ಅದು ವರ್ಷವಿಡೀ ಸುಮ್ಮನೆ ಬಿದ್ದಿತ್ತು. ಕಾರ್ಯ ಮುಗಿದ ಮೇಲೆ ತೆಗೆದು ಚಾರ್ಜಿಗೆ ಹಾಕಿದರೆ ಒಂದು ಕ್ಷಣ ಬೆಳಗುತ್ತಿತ್ತು, ಮತ್ತೆ ಆರುತ್ತಿತ್ತು. ಶಹಾಪುರದ ರೋಹನನ ಮೊಬೈಲ್ ಅಂಗಡಿಗೆ ಒಯ್ಯಿ, ಅವನು ಕಂಪ್ಯೂಟರಿಗೆ ಹಚ್ಚಿ ಒಳಗಿದ್ದದ್ದನ್ನೆಲ್ಲ ಹೊರಗೆ ತೆಗೆದುಕೊಡುತ್ತಾನೆ ಎಂದು ಓಣಿಯ ಹೆಂಗಸರು ಹೇಳಿದರು.

ಒಳಗಿದ್ದದ್ದು ಅಂದರೆ ಗಂಗಾದೇವಿ.

ಗಂಗಾದೇವಿ ಅವರ ಒಬ್ಬಳೇ ಮಗಳು. ಐದು ತುಂಬಿ ಆರಕ್ಕೆ ಬಿದ್ದಿದ್ದಳು. ಒಂದು ಮಳೆಗಾಲ ಜ್ವರ ಬಂತು, ದವಾಖಾನೆಗೆ ಒಯ್ಯುವಷ್ಟರಲ್ಲಿ ಕೂಸು ಕೈಬಿಟ್ಟು ಹೋಯಿತು. ಮರುವರ್ಷ ಅಪ್ಪನೂ ಹೋದ. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎರಕ ಹೊಯ್ಯುವ ಕೆಲಸ ಅವನದು. ಮಧ್ಯಾಹ್ನ ಊಟಕ್ಕೆಂದು ಡಬ್ಬಿ ಬಿಚ್ಚಿದವನು ಎದೆ ಹಿಡಿದುಕೊಂಡು ಕುಳಿತಲ್ಲೇ ಒರಗಿದ. ದೇವರಿಗೆ ಮನೆಗಳ ಗುರುತು ಸಿಗುವುದಿಲ್ಲ, ಸಿಕ್ಕಿದ್ದರೆ ಒಂದೇ ಬಾಗಿಲಿಗೆ ಎರಡು ಸಲ ಬರುತ್ತಿರಲಿಲ್ಲ ಎಂದು ನಾಗರತ್ನಾ ಆಗಿನಿಂದ ಅನ್ನುತ್ತ ಬಂದಿದ್ದಾಳೆ.

ಮಗಳ ಮುಖಕ್ಕೆ ಗೋಡೆಯ ಮೇಲೆ ಸ್ಟುಡಿಯೋದಲ್ಲಿ ತೆಗೆಸಿದ ಫೋಟೊ ಒಂದಿತ್ತು. ದನಿಗೆ ಏನಿದೆ? ನಾಗರತ್ನಾ ವಡಗಾವಿಯ ಮಗ್ಗದವರಿಗೆ ಕಂಡಿಕೆ, ಎಂದರೆ ನೂಲಿನ ಸಣ್ಣ ಉರುಳೆ, ಸುತ್ತಿಕೊಟ್ಟು ಹೊಟ್ಟೆ ಹೊರೆಯುವವಳು. ದಿನವಿಡೀ ನೂಲಿನ ರಾಟೆಯ ಮುಂದೆ ಕೂತು, ಗೊರ್ ಎನ್ನುವ ಸದ್ದಿನಲ್ಲೇ ಮಗಳ ದನಿಯನ್ನು ನೆನೆಸಿಕೊಳ್ಳುತ್ತಿದ್ದಳು. ಮೊದಮೊದಲು ತಟ್ಟನೆ ಬರುತ್ತಿತ್ತು. ಬರಬರುತ್ತ ತಡವಾಯಿತು. ಒಂದು ದಿನ ಎಷ್ಟು ನೆನೆದರೂ ಬರಲಿಲ್ಲ. ಬಂದದ್ದು ಪಕ್ಕದ ಮನೆಯ ಹುಡುಗಿಯ ದನಿ. ಆವತ್ತು ರಾಟೆ ನಿಲ್ಲಿಸಿ ಅತ್ತಳು. ಕೂಸು ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

ಆ ದನಿ ಉಳಿದಿದ್ದದ್ದು ಫೋನಿನಲ್ಲಿ ಮಾತ್ರ. ಬಾಳಾಸಾಹೇಬ ಜತೆಯ ಕೆಲಸಗಾರನಿಂದ ಹಳೆಯ ಸ್ಮಾರ್ಟ್‌ಫೋನ್ ಕೊಂಡ ಹೊಸದರಲ್ಲಿ, ನಾಗರ ಪಂಚಮಿಯ ದಿನ ಓಣಿಯಲ್ಲಿ ನಿಂತು ಮಗಳ ವಿಡಿಯೊ ತೆಗೆದಿದ್ದ. ಗಂಗಾ ಕೈಯಲ್ಲೊಂದು ಕಂಡಿಕೆ ಹಿಡಿದುಕೊಂಡು ಬರುತ್ತಾಳೆ. ಕಂಡಿಕೆ ಜಾರಿ ಇಳಿಜಾರಿನಲ್ಲಿ ಉರುಳುತ್ತದೆ, ನೂಲು ಬಿಚ್ಚುತ್ತ ಹೋಗುತ್ತದೆ, ಕೂಸು ಅದರ ಬೆನ್ನು ಹತ್ತಿ ಕಾಲಿಗೆ ನೂಲು ಸುತ್ತಿಕೊಂಡು ಬೀಳುತ್ತದೆ. ಬಿದ್ದಲ್ಲೇ ನಗುತ್ತದೆ. ಕೊನೆಗೆ ಎದ್ದು ‘ಅವ್ವಾ’ ಎಂದು ಕೂಗುತ್ತ ಓಡಿ ಬರುತ್ತದೆ. ಮಗಳು ಬದುಕಿದ್ದಾಗ ನಗುತ್ತ ನೋಡಿದ ಆ ವಿಡಿಯೊವನ್ನು ಸತ್ತ ಮೇಲೆ ನೋಡುವ ಧೈರ್ಯ ಆಗಿರಲಿಲ್ಲ. ಈಗ ಧೈರ್ಯದ ಮಾತೇ ಇಲ್ಲ, ಆ ‘ಅವ್ವಾ’ ಒಂದನ್ನು ಇನ್ನೊಮ್ಮೆ ಕೇಳಿದರೆ ಸಾಕಿತ್ತು.

ರೋಹನ ಮರಾಠಿ, ಕನ್ನಡ ಎರಡನ್ನೂ ಒಂದೇ ಉಸಿರಿಗೆ ಆಡುವ ತರುಣ. ಫೋನಿಗೆ ಬೇರೆ ಬ್ಯಾಟರಿ ಹಾಕಿ, ವಾಯರಿನಿಂದ ಕಂಪ್ಯೂಟರಿಗೆ ಜೋಡಿಸಿದ. ಫೋನು ಬೆಳಗಿತು, ಈ ಸಲ ಆರಲಿಲ್ಲ. ನಾಗರತ್ನಾ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, ಸೆರಗಿನಿಂದ ಬಾಯಿ ಮುಚ್ಚಿ ಕೂತಳು. ರೋಹನ ಒಂದೊಂದೇ ಕಪಾಟಿನ ಬಾಗಿಲು ತೆಗೆದಂತೆ ತೆಗೆಯುತ್ತ ಹೋದ. ಒಡೆದ ಅಚ್ಚಿನ ಫೋಟೊ ಬಂತು, ಕಂಪನಿಯವರ ಮೆಸೇಜು ಬಂತು, ಯಾವುದೋ ಭಜನೆಯ ರಿಂಗ್‌ಟೋನು ಬಂತು. ಕೂಸು ಬರಲಿಲ್ಲ.

“ಅಕ್ಕಾರ, ಇದರಾಗ ಇಷ್ಟ ಐತ್ರಿ. ವಿಡಿಯೊ ಎಲ್ಲಾ ಕಾರ್ಡಿನ್ಯಾಗ ಇದ್ದಿರಬೇಕು. ಕಾರ್ಡ್ ಎಲ್ಲೈತ್ರಿ?”

ಅವನು ಫೋನಿನ ಬೆನ್ನು ಬಿಚ್ಚಿ ಖಾಲಿ ಗೂಡು ತೋರಿಸಿದ. ಆಕೆಗೆ ತಿಳಿಯಲಿಲ್ಲವೆಂದು ಡ್ರಾವರಿನಿಂದ ಅಂಥದೇ ಒಂದು ಕಾರ್ಡು ತೆಗೆದು ಅಂಗೈ ಮೇಲಿಟ್ಟ. ಕಿರುಬೆರಳ ಉಗುರಿನಷ್ಟು, ಕಪ್ಪಗೆ. ಅದನ್ನು ಕಂಡದ್ದೇ ತಡ ನಾಗರತ್ನಾ ಸ್ಟೂಲಿನಿಂದ ಎದ್ದು ನಿಂತಳು.

ಒಂದು ವರ್ಷ ಅವಳ ತಲೆಯಲ್ಲಿ ಸುಳಿಯದ ಸಂಗತಿ ಆಗ ನೆನಪಾಯಿತು. ಬಾಳಾಸಾಹೇಬ ಸಾಯುವ ಮುಂಚಿನ ವಾರ ಫೋನು ಕೆಟ್ಟಿತ್ತು. ರಿಪೇರಿಗೆ ಕೊಡುವಾಗ ಕಾರ್ಡು ತೆಗೆದಿಟ್ಟುಕೋ, ರಿಪೇರಿಯವರನ್ನು ನಂಬಬೇಡ ಎಂದು ಗೆಳೆಯರು ಹೇಳಿದ್ದರು. ತೆಗೆದನೇನೋ ಸರಿ, ಇಡುವುದೆಲ್ಲಿ? ಅವರ ಮನೆಯಲ್ಲಿ ನೂಲಿನ ಧೂಳು ಅನ್ನದ ತಟ್ಟೆಯನ್ನೂ ಬಿಡುವುದಿಲ್ಲ. ಹಿಂದೊಮ್ಮೆ ಕಾರ್ಡು ಕೈಜಾರಿ, ಕಸದ ಜತೆ ಗಟಾರಿಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತ್ತು. ಕರಡಿಗೆಯಲ್ಲಿ ಇಡಿ ಎಂದವಳು ನಾಗರತ್ನಾಳೇ. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ ಅದು, ಅವನ ಅಜ್ಜನ ಕಾಲದ್ದು. ಎರಕ ಹೊಯ್ಯುವಾಗ ಬೆಳ್ಳಿ ಕಾದು ಎದೆ ಸುಡುತ್ತದೆಂದು ಬೆನ್ನಿಗೆ ಸರಿಸಿಕೊಳ್ಳುತ್ತಿದ್ದನೇ ಹೊರತು ಒಂದು ದಿನವೂ ಬಿಚ್ಚಿಟ್ಟವನಲ್ಲ.

“ಲಿಂಗದ ಬಾಜು ಇಂಥಾದ್ದೆಲ್ಲಾ ಇಡತಾರೇನ?” ಎಂದು ಅವನು ಹಿಂದೆಮುಂದೆ ನೋಡಿದ್ದ.

“ಕೂಸಿನ ದನಿ ಐತ್ರಿ ಅದರಾಗ. ಮತ್ತೆಲ್ಲಿಡತೀರಿ?” ಎಂದಿದ್ದಳು.

ಫೋನು ರಿಪೇರಿಯಾಗಿ ಬರುವ ಮೊದಲೇ ಅವನು ಹೋದ, ಆಮೇಲೆ ಬಂದ ಫೋನು ಸೀದಾ ಟ್ರಂಕು ಸೇರಿತು. ಲಿಂಗವಂತರಲ್ಲಿ ಹೆಣ ಸುಡುವುದಿಲ್ಲ. ಕುಳಿತ ಭಂಗಿಯಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಜೀವ ಹೋದರೂ ಲಿಂಗ ಬಿಟ್ಟು ಹೋಗುವುದಿಲ್ಲ ಎಂಬ ಭರವಸೆಯಿಂದಲೇ ಆಕೆ ಕಾರ್ಡನ್ನು ಅಲ್ಲಿ ಇಡಿಸಿದ್ದಳು. ಭರವಸೆ ಸುಳ್ಳಾಗಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ಜನ ನಗುತ್ತ ಹೇಳುವುದುಂಟು. ಹುಡುಕಿದವರಿಗೆ ಕೊನೆಗೆ ಕಂಕುಳಲ್ಲಾದರೂ ಕೂಸು ಸಿಕ್ಕಿತಲ್ಲ.

ಮರುದಿನ ಬೆಳಿಗ್ಗೆಯೇ ಖಾನಾಪುರದ ಬಸ್ಸು ಹತ್ತಿದಳು. ಬಾಳಾಸಾಹೇಬನ ಸಮಾಧಿ ಅಲ್ಲಿನ ಹೊಲದಲ್ಲಿದೆ, ಅವನ ತಾಯಿ ಗೌರವ್ವ ಕಿರಿಯ ಮಗ ಗುರುಸಿದ್ದನ ಮನೆಯಲ್ಲಿ ಇರುತ್ತಾಳೆ. ಬಸ್ಸು ಉದ್ಯಮಬಾಗ ದಾಟುವಾಗ ಆಕೆ ಯಾವಾಗಿನಂತೆ ಫೌಂಡ್ರಿ ಕಾಣದ ಹಾಗೆ ಮುಖವನ್ನು ಇನ್ನೊಂದು ಕಡೆಯ ಕಿಟಕಿಗೆ ತಿರುಗಿಸಿಕೊಂಡಳು. ಸಮಾಧಿ ತೆಗೆಸಬೇಕು. ಹಾಗೆಂದು ಬಾಯಿಬಿಟ್ಟು ಅನ್ನುವುದಾದರೂ ಹೇಗೆ? ಅಯ್ಯನವರು ಒಪ್ಪುವುದಿಲ್ಲ. ಊರವರು, ಗಂಡನ ಹೆಣ ತೋಡಿಸಿದ ಹೆಂಡತಿ ಎಂದು ಸಾಯುವ ತನಕ ಬೆರಳು ಮಾಡಿ ತೋರಿಸುತ್ತಾರೆ. ತೋರಿಸಲಿ. ದೇಸೂರು ಬರುವುದರೊಳಗೆ ಅವಳ ಮನಸ್ಸು ಗಟ್ಟಿಯಾಗಿತ್ತು. ಅತ್ತೆಯ ಕಾಲು ಹಿಡಿಯುವುದು, ಆಕೆ ಒಪ್ಪದಿದ್ದರೆ ಮೈದುನನ ಕಾಲು, ಅವನೂ ಒಪ್ಪದಿದ್ದರೆ ತಾನೇ ಗುದ್ದಲಿ ಹಿಡಿಯುವುದು.

ಗುರುಸಿದ್ದ ಮತ್ತು ಅವನ ಹೆಂಡತಿ ಗದ್ದೆಗೆ ಹೋಗಿದ್ದರು. ಗೌರವ್ವ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಹೇಳದೆ ಕೇಳದೆ ಬಂದ ಸೊಸೆಯನ್ನು ನೋಡಿ ಹೌಹಾರಿದಳು. ನಾಗರತ್ನಾ ನೀರೂ ಕುಡಿಯಲಿಲ್ಲ. ಮುದುಕಿಯ ಎರಡೂ ಪಾದ ಹಿಡಿದುಕೊಂಡು, ಅವರ ಕರಡಿಗೆಯಲ್ಲಿ ನನ್ನದೊಂದು ವಸ್ತು ಉಳಿದಿದೆ, ಅದನ್ನು ತೆಗೆಸಿಕೊಡಿ ಎಂದಳು.

ಗೌರವ್ವ ಮೊರವನ್ನು ಕೆಳಗಿಟ್ಟಳು. “ಕರಡಿಗಿ ಮಣ್ಣಿಗೆ ಯಾರ ಹಾಕ್ಯಾರ? ಬೆಳ್ಳಿ ಮನಿಗೆ, ಲಿಂಗ ಮಣ್ಣಿಗೆ. ನಮ್ಮ ಮನಿತನದಾಗ ಹಿಂದಿಂದಲೂ ಹಂಗ. ಅಲ್ಲೇ ಜಗಲಿ ಮ್ಯಾಲೈತಿ ನೋಡ.”

ನಾಗರತ್ನಾಳಿಗೆ ಒಮ್ಮೆಲೇ ನಗು ಬಂತು. ಎರಡು ವರ್ಷದಲ್ಲಿ ನಕ್ಕದ್ದು ಅದೇ ಮೊದಲು, ಗೌರವ್ವ ಸೊಸೆಗೆ ಭ್ರಾಂತಿ ಹಿಡಿಯಿತೇನೋ ಎಂಬಂತೆ ನೋಡಿದಳು. ಹೆಣಕ್ಕೆ ಸ್ನಾನ ಮಾಡಿಸುವ ಹೊತ್ತಿನಲ್ಲಿ ನಾಗರತ್ನಾಳಿಗೆ ಎಚ್ಚರವೇ ಇರಲಿಲ್ಲ, ಯಾರು ಏನು ಬಿಚ್ಚಿದರು, ಏನು ಕಟ್ಟಿದರು ಒಂದೂ ಗೊತ್ತಿಲ್ಲ. ಈಗ ಓಡಿದಳು. ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಕರಡಿಗೆ ಇತ್ತು. ಹುಣಸೆಹಣ್ಣು ಹಚ್ಚಿ ತೊಳೆದದ್ದರಿಂದ ಫಳಫಳ ಹೊಳೆಯುತ್ತಿತ್ತು. ಮುಚ್ಚಳ ತೆಗೆದಳು.

ಖಾಲಿ.

ಬೆರಳು ಆಡಿಸಿ ನೋಡಿದಳು, ತಲೆಕೆಳಗೆ ಮಾಡಿ ಕೊಡವಿದಳು. ಹಿಂದೆಯೇ ಬಂದ ಗೌರವ್ವ ಏನು ಹುಡುಕುತ್ತೀ ಎಂದು ಕೇಳಿದಳು. ಉಗುರಿನಷ್ಟು ಕರಿ ಚೂರು ಎಂದಾಗ ಮುದುಕಿಗೆ ತಟ್ಟನೆ ನೆನಪಾಯಿತು.

“ಹೌದೌದು, ಇತ್ತು. ಯಾವ ಮಠದ ಅಯ್ಯನವರು ಕೊಟ್ಟದ್ದೋ ಏನೋ ಅಂದ್ಕೊಂಡೆ. ಮಗಾ ಲಿಂಗದ ಬಾಜು ಇಟ್ಕೊಂಡಾನ ಅಂದ ಮ್ಯಾಲ ಅದು ಲಿಂಗದ ಸಂಗಾಟನ ಹೋಗಬೇಕಲ್ಲ. ಲಿಂಗ ಕಟ್ಟಿದ ಬಿಳಿ ವಸ್ತ್ರದಾಗ ನಾನ ಇಟ್ಟು ಕಟ್ಟೀನಿ.”

ಹೇಳುವಾಗ ಮುದುಕಿಯ ದನಿಯಲ್ಲಿ ಒಂದು ತೃಪ್ತಿ ಇತ್ತು. ಮಗನ ಯಾವ ವಸ್ತುವನ್ನೂ ಅವನಿಂದ ಅಗಲಿಸಲಿಲ್ಲ ಎಂಬ ತೃಪ್ತಿ. ನಾಗರತ್ನಾ ಆಕೆಯ ಮೇಲೆ ಕೂಗಾಡಲು ಬಾಯಿ ತೆರೆದವಳು ಕರಡಿಗೆಗೆ ಮುಚ್ಚಳ ಹಾಕಿ ಮತ್ತೆ ಜಗಲಿಯ ಮೇಲಿಟ್ಟಳು. ಲಿಂಗದ ಪಕ್ಕ ಇಡಿಸಿದವಳು ತಾನು. ಹಾಗೆ ನೋಡಿದರೆ ಇಬ್ಬರದೂ ಒಂದೇ ಬುದ್ಧಿ, ಲಿಂಗದ ಪಕ್ಕದ್ದು ಕಳೆಯಬಾರದು ಎಂಬ ಬುದ್ಧಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಯಾರನ್ನು ಬೈಯುವುದು?

ಆದರೂ ಆಸೆ ಸತ್ತಿರಲಿಲ್ಲ. ಮಣ್ಣಿನಲ್ಲಿದ್ದರೂ ಇದೆಯಲ್ಲ. ಅಂಗಳಕ್ಕೆ ಬಂದು ತನ್ನ ಸಣ್ಣ ಫೋನಿನಿಂದ ರೋಹನನಿಗೆ ಹಚ್ಚಿದಳು. ವರ್ಷ ಕಾಲ ಮಣ್ಣಿನೊಳಗಿದ್ದ ಕಾರ್ಡು ಕಂಪ್ಯೂಟರಿಗೆ ಹಾಕಿದರೆ ಬರುತ್ತದೆಯೇ ಎಂದು ಕೇಳಿದಳು. ನೀರು ತಾಗಿದ್ದರೂ ಒಮ್ಮೊಮ್ಮೆ ಬರುತ್ತದೆ, ತಂದು ನೋಡಿ ಎಂದ ಹುಡುಗ. ಆಮೇಲೆ, ಮಣ್ಣಲ್ಲದೆ ಮತ್ತೇನಾದರೂ ತಾಗಿದೆಯೇ ಎಂದು ಕೇಳಿದ. ನಾಗರತ್ನಾ ವಿಭೂತಿ ಎಂದಳು, ಬಿಲ್ವಪತ್ರಿ ಎಂದಳು. ಮೂರನೆಯದನ್ನು ಹೇಳುವ ಮೊದಲು ಅಂಗೈಯನ್ನು ಸೀರೆಗೆ ಒರೆಸಿಕೊಂಡಳು.

“ಉಪ್ಪು,” ಎಂದಳು. “ಚೀಲಗಟ್ಟಲೆ.”

ಅತ್ತ ಕಡೆ ರೋಹನ ದನಿ ತಗ್ಗಿಸಿದ. ಅವನಿಗೆ ಆಗ ಯಾವ ಮಣ್ಣು ಎಂಬುದು ತಿಳಿಯಿತೆಂದು ಕಾಣುತ್ತದೆ.

“ಉಪ್ಪಿನ್ಯಾಗ ಈ ಮಳಿ ನೀರು ಇಳದಿದ್ರ ಅದು ಪೂರಾ ತಿಂದ ಹೋಗಿರತೈತ್ರಿ ಅಕ್ಕಾರ. ನಾ ಅಲ್ಲ, ಪುಣೆಕ್ಕ ಒಯ್ದರೂ ಬರಂಗಿಲ್ಲ. ತಗಸಬ್ಯಾಡ್ರಿ.”

ಖಾನಾಪುರದ ಮಳೆಗೆ ಇಳಿಯದ ಜಾಗ ಇಲ್ಲ. ಮಣ್ಣು ಮಾಡುವಾಗ ಗುಣಿಯ ಸುತ್ತ ನಿಂತ ನೆಂಟರು ಬೊಗಸೆ ಬೊಗಸೆ ಉಪ್ಪು ಹಾಕಿದ್ದರು. ಹೆಂಡತಿ ಮೊದಲು ಹಾಕಲಿ ಎಂದು ಯಾರೋ ಅವಳ ರಟ್ಟೆ ಹಿಡಿದು ಮುಂದೆ ತಂದಿದ್ದರು. ಆ ದಿನದ ಎಲ್ಲವೂ ಮಸುಕಾಗಿದ್ದರೂ ಅದೊಂದು ಮಾತ್ರ ಅವಳಿಗೆ ಚೆನ್ನಾಗಿ ನೆನಪಿತ್ತು. ಹರಳುಪ್ಪು ಅಂಗೈಗೆ ಒತ್ತಿದ್ದೂ ನೆನಪಿತ್ತು.

ಒಳಗೆ ಬಂದು ಗೋಡೆಗೆ ಒರಗಿ ಕೂತಳು. ಗೌರವ್ವ ಈಗ ನೇರವಾಗಿಯೇ ಕೇಳಿದಳು, ಏನಿತ್ತು ಅದರಲ್ಲಿ ಎಂದು. ಮುಚ್ಚಿಡುವ ಶಕ್ತಿ ನಾಗರತ್ನಾಳಿಗೆ ಇರಲಿಲ್ಲ. ಗಂಗಾ ಇದ್ದಳು ಎಂದಳು. ಮುದುಕಿ ಬಹಳ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡಳು, ಆ ಗಂಟು ಕಟ್ಟಿದ ಕೈಗಳನ್ನು. ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, ಹಿರಿಯರಿಗೆ ಬರುವ ಸಮಾಧಾನದ ಮಾತನ್ನೇ ಆಡಿದಳು.

“ಹಂಗಾದ್ರ ಕೂಸು ಅಪ್ಪನ ಕೈಯಾಗ ಐತಿ ಬಿಡ, ನಾಗೂ.”

“ಅವರ ಕೈಯಾಗಿದ್ರ ನನಗೇನ ಬಂತ್ರಿ, ಅತ್ಯಾರ?”

ಗೌರವ್ವ ಅಕ್ಕಿಯ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. ನಾಗರತ್ನಾಳಿಗೆ ಸತ್ತ ಗಂಡನ ಮೇಲೆ ಹೊಟ್ಟೆಕಿಚ್ಚಾಯಿತು. ಹೋಗುವವನು ಮಗಳ ದನಿಯನ್ನೂ ಕಟ್ಟಿಕೊಂಡು ಹೋದ, ತನಗೆ ರಾಟೆಯ ಸದ್ದು ಬಿಟ್ಟು ಹೋದ.

ಮಧ್ಯಾಹ್ನ ಮುದುಕಿ ಬಲವಂತದಿಂದ ಎರಡು ತುತ್ತು ಉಣ್ಣಿಸಿದಳು. ಉಣ್ಣುತ್ತ ಉಣ್ಣುತ್ತ, ಕಾರ್ಡಿನಲ್ಲಿದ್ದದ್ದು ಯಾವಾಗಿನ ವಿಡಿಯೊ ಎಂದು ಕೇಳಿದಳು. ಪಂಚಮಿಯದು, ಕಂಡಿಕೆ ಉರುಳಿದ್ದು ಎಂದಳು ಸೊಸೆ. ಗೌರವ್ವನ ಮುಖ ಸ್ವಲ್ಪ ಅರಳಿತು. ಆ ಹಬ್ಬಕ್ಕೆ ಆಕೆಯೂ ವಡಗಾವಿಗೆ ಹೋಗಿದ್ದಳು, ಕಟ್ಟೆಯ ಮೇಲೆ ಕೂತು ಎಳ್ಳುಂಡಿ ತಿನ್ನುತ್ತ ಎಲ್ಲವನ್ನೂ ಕಂಡಿದ್ದಳು. ಇಬ್ಬರೂ ಕೂಡಿ ಅದನ್ನು ಮೊದಲಿನಿಂದ ಹೇಳಿಕೊಂಡರು. ಕೂಸಿನ ಹಸಿರು ಲಂಗ, ನೂಲು ಬಿಚ್ಚುತ್ತ ಹೋದದ್ದು, ಬಿದ್ದದ್ದು, ಬಿದ್ದಲ್ಲೇ ನಕ್ಕದ್ದು. ಒಬ್ಬಳು ಬಿಟ್ಟದ್ದನ್ನು ಇನ್ನೊಬ್ಬಳು ತುಂಬಿದಳು. ಇಷ್ಟಾದರೂ ಉಳಿಯಿತಲ್ಲ ಎಂದು ನಾಗರತ್ನಾಳಿಗೆ ಅನ್ನಿಸತೊಡಗಿತ್ತು.

“ಆಮ್ಯಾಲ ಎದ್ದು ‘ಅಪ್ಪಾ’ ಅನ್ಕೋತ ಓಡಿ ಬಂತು,” ಎಂದಳು ಗೌರವ್ವ.

“ಅವ್ವಾ ಅಂದಳ್ರಿ.”

“ಅಪ್ಪಾ ಅಂತು, ತಂಗಿ. ಫೋನ್ ಹಿಡಕೊಂಡು ಎದುರಿಗೆ ನಿಂತಾವ ಅವನ ಅಲ್ಲೇನ? ನೀ ಎಲ್ಲಿದ್ದಿ ಅಲ್ಲಿ? ಹಾಲು ಉಕ್ಕತೈತಿ ಅಂತ ಒಳಗ ಹೋಗಿದ್ದಿ.”

ಅಲ್ಲ ಎನ್ನಲು ಹೊರಟವಳಿಗೆ ಆ ದಿನ ಸೀದುಹೋಗಿದ್ದ ಪಾತ್ರೆ ಕಣ್ಣ ಮುಂದೆ ಬಂತು. ಬೂದಿ ಹಾಕಿ ಎಷ್ಟು ತಿಕ್ಕಿದರೂ ಅದರ ತಳದ ಕಪ್ಪು ಹೋಗಿರಲಿಲ್ಲ. ಹಾಗಾದರೆ ತಾನು ಅಲ್ಲಿ ಇರಲೇ ಇಲ್ಲವೇ? ಇಲ್ಲದಿದ್ದರೆ ಏನಾಯಿತು, ವಿಡಿಯೊದಲ್ಲಿ ಎಷ್ಟು ಸಲ ಕೇಳಿಲ್ಲ! ಕೇಳಿದ್ದು ‘ಅವ್ವಾ’ ಎಂದೇ, ಅಥವಾ ಈ ಎರಡು ವರ್ಷದಲ್ಲಿ ತಾನೇ ಹಾಗೆ ಮಾಡಿಕೊಂಡದ್ದೇ? ನೋಡಿ ಇತ್ಯರ್ಥ ಮಾಡೋಣವೆಂದರೆ ಅದು ಉಪ್ಪಿನ ಕೆಳಗಿತ್ತು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಯಾರಿಗೂ ಕೇಳಿಸದ ಹಾಗೆ ತುಟಿಯಲ್ಲೇ ‘ಅವ್ವಾ’ ಎಂದು ನೋಡಿದಳು. ಆಮೇಲೆ ‘ಅಪ್ಪಾ’ ಎಂದು ನೋಡಿದಳು. ಎರಡೂ ಅವಳದೇ ದನಿಯಲ್ಲಿ ಬಂದವು.