ಕತ್ತಲಲ್ಲಿ ಕೂತು ಮಾತಾಡಿದವಳು

ವೆರಿಟಿ ಲಂಬ್ ಎದ್ದು ನಿಂತು "ಪೇಪರಲ್ಲಿ ನನ್ನ ಹೆಸರು ಹಾಕಿ, ಫೋಟೋನೂ ಹಾಕಿ" ಎಂದ ಗಳಿಗೆಯಿಂದ ಗ್ವೆಂಡಾಳ ಹೊಟ್ಟೆಯಲ್ಲಿ ಹೊತ್ತಿಕೊಂಡ ಉರಿ ಸುಲಭಕ್ಕೆ ಆರಲಿಲ್ಲ. ಹ್ಯಾಲಿಫ್ಯಾಕ್ಸಿನ ಪಬ್ಬೊಂದರ ಮಹಡಿಯ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದ ಆ ಗುಂಪಿನಲ್ಲಿ ಅಂಥ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಅಲ್ಲಿ ಎಲ್ಲರದೂ ಇಟ್ಟುಕೊಂಡ ಹೆಸರು. ಬಸ್ಸು ಓಡಿಸಿ ನಿವೃತ್ತನಾದ ದಪ್ಪ ಮನುಷ್ಯ 'ಕರಡಿ'. ಗ್ವೆಂಡಾ 'ಮಾರ್ಗೋ'. ವರ್ಷಗಟ್ಟಲೆ ಒಂದೇ ಮೇಜಿನಲ್ಲಿ ಕೂತು ಹುರಿದ ಆಲೂಗಡ್ಡೆ ತಿಂದವರಿಗೂ ಪಕ್ಕದವರ ನಿಜವಾದ ಹೆಸರು ಗೊತ್ತಿರುತ್ತಿರಲಿಲ್ಲ, ಕೇಳುವ ಪದ್ಧತಿಯೂ ಇರಲಿಲ್ಲ.

ಅವರೇನು ಕಳ್ಳರಲ್ಲ. ಹಗ್ಗ, ಬೆತ್ತ, ಕಣ್ಣಿಗೆ ಕಟ್ಟುವ ಪಟ್ಟಿ, ಇಂಥವನ್ನು ಇಟ್ಟುಕೊಂಡು ಗಂಡ ಹೆಂಡತಿ, ಪ್ರಿಯ ಪ್ರೇಯಸಿ ಪರಸ್ಪರ ಒಪ್ಪಿ ಆಡುವ ಆಟದ ಜನ. ಅವರ ಆಟ ಅವರ ಕೋಣೆಯ ಬಾಗಿಲೊಳಗೆ. ಆದರೆ ಆ ವರ್ಷ ಸರ್ಕಾರ ಒಂದು ಮಸೂದೆ ತಂದಿತ್ತು. ಹಿಂಸೆಯಂತೆ ಕಾಣುವ ಅಶ್ಲೀಲ ಚಿತ್ರ ಮನೆಯಲ್ಲಿದ್ದರೆ ಸಾಕು, ಜೈಲು. ಚಿತ್ರದಲ್ಲಿರುವವರು ಒಪ್ಪಿದ್ದರೇ, ನಗುತ್ತಿದ್ದರೇ ಎಂದು ಕೇಳುವ ಗೋಜಿಗೇ ಅದು ಹೋಗಿರಲಿಲ್ಲ.

ಗ್ವೆಂಡಾಳ ಬೀರುವಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಅದರೊಳಗೆ ತೀರಿಹೋದ ಗಂಡ ಲಿಯೊನಾರ್ಡ್ ತೆಗೆದ, ಅವಳು ತೆಗೆದ, ಕ್ಯಾಮೆರಾ ತಾನಾಗಿ ಕ್ಲಿಕ್ಕಿಸಿದ ಫೋಟೋಗಳಿದ್ದವು. ಗಂಟು ಬಿಚ್ಚಲಾಗದೆ ಇಬ್ಬರೂ ನಕ್ಕು ನಕ್ಕು ಸುಸ್ತಾದ ಫೋಟೋ ಕೂಡ ಇತ್ತು. ಮದುವೆಯ ಫೋಟೋದಲ್ಲಿ ಲಿಯೊನಾರ್ಡ್ ಪೋಲೀಸಿನವರ ಕೈಗೆ ಸಿಕ್ಕವನ ಹಾಗೆ ನಿಂತಿದ್ದ. ಮನುಷ್ಯ ಮನುಷ್ಯನ ಹಾಗೆ ಕಾಣುತ್ತಿದ್ದುದು ಡಬ್ಬಿಯ ಫೋಟೋಗಳಲ್ಲೇ. ಅದನ್ನು ಸುಡು ಎಂದು ಯಾವ ಮಂತ್ರಿಯೂ ಹೇಳಕೂಡದು ಎಂದು ಅವಳು ಮಸೂದೆಯ ವಿರುದ್ಧದ ಚಳವಳಿಗೆ ಇಳಿದದ್ದು.

ಇಳಿದವಳು ಸುಮ್ಮನೆ ಇಳಿದಳೇ? ಕರಪತ್ರ ಬರೆದವಳು ಅವಳು, ಸಂಸದರಿಗೆ ಪತ್ರ ಬರೆದವಳು ಅವಳು, ಚಳವಳಿಯ ಮೊಬೈಲನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದವಳು ಅವಳು. ಏಪ್ರನ್ ಏಕೆಂದರೆ ಅವಳ ಕೆಲಸ ಶಾಲೆಯ ಅಡುಗೆಮನೆಯಲ್ಲಿ. ಅದೂ ಚರ್ಚಿನವರು ನಡೆಸುವ ಶಾಲೆ. ಅಲ್ಲಿ ಅವಳ ಹೆಸರು ಹೊರಬಿದ್ದರೆ ಸೌಟು ಕೆಳಗಿಟ್ಟು ಮನೆಗೆ ನಡೆಯಬೇಕಾಗುತ್ತಿತ್ತು. ಆದ್ದರಿಂದ ಎಲೆಮರೆಯ ಕಾಯಿ. ಎಲ್ಲರೂ ಎಲೆಮರೆಯಲ್ಲೇ ಇದ್ದಷ್ಟು ದಿನ ಅವಳಿಗೆ ಅದರಿಂದ ಕಷ್ಟವಾಗಲಿಲ್ಲ.

ವೆರಿಟಿ ಗುಂಪಿಗೆ ಇನ್ನೂ ಹೊಸಬಳು. ಊರಿನ ಮಾರ್ಕೆಟ್ಟಿನಲ್ಲಿ ಗುಂಡಿ, ನೂಲು, ಲೇಸು ಮಾರುವ ಅಂಗಡಿ ಅವಳ ಸ್ವಂತದ್ದು. ಅವಳನ್ನು ಕೆಲಸದಿಂದ ತೆಗೆಯುವವರು ಯಾರು? ಗ್ವೆಂಡಾ ಬರೆದುಕೊಟ್ಟ ಮಾತನ್ನೇ ಪತ್ರಿಕೆಯವರಿಗೆ ಒಪ್ಪಿಸಿದಳು, ಫೋಟೋದಲ್ಲಿ ಗುಂಡಿಗಳ ಗೋಡೆಯ ಮುಂದೆ ನಿಂತು ಹಲ್ಲು ಕಾಣುವಂತೆ ನಕ್ಕಳು. ಮುಂದಿನ ಭಾನುವಾರ ಇಡೀ ಗುಂಪು ಅವಳನ್ನು ತಲೆಯ ಮೇಲೆ ಕೂರಿಸಿಕೊಂಡಿತು.

"ನೀನೇ ಕಣಮ್ಮ ನಮ್ಮ ಹುಲಿ" ಎಂದ ಕರಡಿ.

"ನಂದೇನಿದೆ, ಎಲ್ಲಾ ಮಾರ್ಗೋ ಬರೆದದ್ದು. ನಾನು ಗಿಣಿ ಹಾಗೆ ಹೇಳಿದೆ" ಎಂದಳು ವೆರಿಟಿ.

"ಬರೆಯೋದು ಬಿಡು, ಯಾರಾದ್ರೂ ಬರೀತಾರೆ" ಎಂದ ಕರಡಿ.

ಗ್ವೆಂಡಾ ನಗುವಿನಂಥದ್ದೇನೋ ಮಾಡಿ ತನ್ನ ಲೋಟದೊಳಗೆ ಮುಖ ಹುದುಗಿಸಿದಳು. ಕರಡಿಯ ಮಾತಿಗಿಂತ ವೆರಿಟಿಯ ಮಾತೇ ಅವಳನ್ನು ಹೆಚ್ಚು ಸುಟ್ಟಿತ್ತು. ಕದ್ದವಳು ಕದ್ದುಕೊಂಡು ಹೋಗಲಿ, ಪಾಲು ಕೊಡಲು ಬರುವುದು ಯಾಕೆ?

ಟೀವಿಯವರ ಫೋನು ಬಂದದ್ದು ಅದೇ ವಾರ, ಗ್ವೆಂಡಾ ಕ್ಯಾರೆಟ್ಟು ಹೆಚ್ಚುತ್ತಿರುವಾಗ. ಅವಳು ಮೊಬೈಲು ಹಿಡಿದು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು.

"ವೆರಿಟಿ ಲಂಬ್ ಅವರು ಬೇಕಿತ್ತು. ನಾಳೆ ಸಂದರ್ಶನ ಮಾಡೋಣ ಅಂತ" ಎಂದಳು ಆ ಕಡೆಯ ಹುಡುಗಿ.

ನಂಬರು ಕೊಟ್ಟರೆ ಮುಗಿದುಹೋಗುತ್ತಿತ್ತು. ಗ್ವೆಂಡಾಳ ಬಾಯಿಂದ ಬಂದದ್ದೇ ಬೇರೆ. "ಅವಳು ಊರಲ್ಲಿಲ್ಲ. ಚಳವಳಿ ಶುರುಮಾಡಿದವಳು ನಾನು. ನಾನೇ ಬರ್ತೀನಿ."

"ಆಗ್ಲಿ ಮೇಡಂ. ಹೆಸರು?"

"ಮಾರ್ಗೋ."

"ಪೂರ್ತಿ ಹೆಸರು?"

"ಅಷ್ಟೇ. ಮುಖ ತೋರಿಸೋ ಹಾಗಿಲ್ಲ."

ಆ ಕಡೆ ಯಾರೊಂದಿಗೋ ಮಾತಾಡಿದ ಸದ್ದು ಕೇಳಿಸಿತು. ಆಮೇಲೆ ಹುಡುಗಿ, "ಸರಿ, ಮುಖ ಕಾಣದ ಹಾಗೆ ಹಿಂದಿನಿಂದ ದೀಪ ಬಿಡ್ತೀವಿ, ದನಿ ಬದಲಾಯಿಸ್ತೀವಿ" ಎಂದಳು. ವೆರಿಟಿಗೆ ವಿಷಯ ತಿಳಿಸಬೇಕೆಂದು ಗ್ವೆಂಡಾಳಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದನ್ನು ಅವಳು ಅಲ್ಲೇ ಹಿಟ್ಟಿನ ಚೀಲಗಳ ನಡುವೆ ಬಿಟ್ಟು ಬಂದು ಮತ್ತೆ ಕ್ಯಾರೆಟ್ಟು ಕೈಗೆತ್ತಿಕೊಂಡಳು.

ಸಂದರ್ಶನದಲ್ಲಿ ಅವಳು ಚೆನ್ನಾಗಿಯೇ ಮಾತಾಡಿದಳು. ಲಿಯೊನಾರ್ಡನ ಹೆಸರು ಹೇಳದೆ ಅವನ ವಿಷಯ ಹೇಳಿದಳು. ಡಬ್ಬಿಯ ವಿಷಯವನ್ನೂ ಹೇಳಿದಳು. ನಾವು ಯಾರಿಗೂ ಕೇಡು ಮಾಡಿದವರಲ್ಲ, ಮುಚ್ಚಿಡುವಂಥದ್ದು ನಮ್ಮಲ್ಲಿ ಏನೂ ಇಲ್ಲ ಎಂದಳು. ಹೊರಗೆ ಬಂದಾಗ ಹೊಟ್ಟೆಯ ಉರಿ ಎಷ್ಟೋ ದಿನಗಳ ಮೇಲೆ ತಣ್ಣಗಾಗಿತ್ತು.

ಮರುದಿನ ಬೆಳಿಗ್ಗೆ ಶಾಲೆಯ ಅಡುಗೆಮನೆಯ ಕಪಾಟಿನ ಮೇಲಿನ ಪುಟ್ಟ ಟೀವಿಯಲ್ಲಿ ಅದು ಬಂತು. ಅಡುಗೆಮನೆಯ ಮೇಲ್ವಿಚಾರಕಿ ಡೋರೀನ್ ಹಿಟ್ಟು ನಾದುತ್ತಿದ್ದಳು, ಶಾಹಿದಾ ತಟ್ಟೆ ಜೋಡಿಸುತ್ತಿದ್ದಳು, ಗ್ವೆಂಡಾ ಕಸ್ಟರ್ಡ್ ಕೈಯಾಡಿಸುತ್ತಿದ್ದಳು. ಪರದೆಯ ಮೇಲೆ ಕಪ್ಪು ಆಕಾರವೊಂದು ಕೂತಿತ್ತು. ಬಾವಿಯೊಳಗಿಂದ ಗಂಡಸು ಮಾತಾಡಿದ ಹಾಗಿತ್ತು ದನಿ. ಅದಾದ ಮೇಲೆ ಮಸೂದೆಯ ಪರವಾಗಿದ್ದ ಹೆಂಗಸೊಬ್ಬಳು ಒಳ್ಳೆಯ ಬೆಳಕಿನಲ್ಲಿ, ಮುತ್ತಿನ ಸರ ಹಾಕಿಕೊಂಡು ಬಂದಳು. "ಮುಚ್ಚಿಡೋದು ಏನೂ ಇಲ್ಲವಂತೆ, ಮುಖ ಮಾತ್ರ ಮುಚ್ಚಿಕೊಂಡಿದ್ದಾರೆ. ಇನ್ನು ನಾನು ಹೇಳೋದೇನಿದೆ?" ಎಂದು ನಕ್ಕಳು.

ಎರಡೇ ವಾಕ್ಯ. ಚಳವಳಿಯ ಅಷ್ಟೂ ಕರಪತ್ರಗಳು ಆ ನಗೆಯಲ್ಲಿ ತೊಳೆದುಹೋದವು. ಆ ಕುರ್ಚಿಯಲ್ಲಿ ವೆರಿಟಿ ಕೂತಿದ್ದರೆ ಆ ಹೆಂಗಸಿಗೆ ಆಡಲು ಮಾತಿರುತ್ತಿರಲಿಲ್ಲ. ಗ್ವೆಂಡಾಳಿಗೆ ಅದು ತಕ್ಷಣ ಅರ್ಥವಾಯಿತು.

"ಸರಿಯಾಗೇ ಕೇಳಿದ್ಲು" ಎಂದಳು ಡೋರೀನ್. "ಗಂಡನ ಫೋಟೋ ಅಂತೆ. ಅಂಥ ಗಂಡ ಇದ್ದನೋ ಇಲ್ಲವೋ, ಎಲ್ಲಾ ಕಟ್ಟುಕತೆ."

ಗ್ವೆಂಡಾ ಹಲ್ಲು ಕಚ್ಚಿ ಸೌಟು ತಿರುಗಿಸಿದಳು.

"ಇದ್ದರೂ ಎಂಥವನಿದ್ದನೋ" ಎಂದಳು ಶಾಹಿದಾ.

ಲಿಯೊನಾರ್ಡನ ಬಗ್ಗೆ ಇಷ್ಟು ಮಾತು ಬಂದರೂ ಗ್ವೆಂಡಾ ಸುಮ್ಮನಿದ್ದಳು. ಇದನ್ನು ನೆನಪಿನಲ್ಲಿಡಬೇಕು, ಏಕೆಂದರೆ ಅವಳೂ ಆಮೇಲೆ ಇದನ್ನು ಮರೆಯಲಿಲ್ಲ.

"ಆ ಗುಂಡಿ ಅಂಗಡಿ ಹುಡುಗಿ ಇದಾಳಲ್ಲ, ಪೇಪರಲ್ಲಿ ಬಂದಿದ್ಲಲ್ಲ" ಎಂದು ಡೋರೀನ್ ಹಿಟ್ಟನ್ನು ಮಗುಚಿ ಹಾಕಿದಳು. "ಅವಳ ಚಟ ಅವಳಿಗಿರ್ಲಿ, ನಂಗೆ ಸೇರೋದಿಲ್ಲ. ಆದ್ರೆ ಎದೆಗಾರಿಕೆ ಅಂದ್ರೆ ಅದು ಕಣೇ. ಎಷ್ಟು ಚೆನ್ನಾಗಿ ಹೇಳಿದ್ಲು. ನನ್ನ ಗಂಡ ಅದನ್ನ ಎರಡು ಸಲ ಓದಿಸ್ಕೊಂಡ."

"ಅದನ್ನ ಬರೆದವಳು ನಾನು" ಎಂದಳು ಗ್ವೆಂಡಾ.

ಡೋರೀನಳ ಕೈ ಹಿಟ್ಟಿನಲ್ಲೇ ನಿಂತಿತು.

"ಒಂದೊಂದು ಅಕ್ಷರನೂ ನಾನೇ ಬರೆದದ್ದು. ಅವಳು ಓದಿದ್ಲು ಅಷ್ಟೇ. ಈಗ ಟೀವಿಲಿ ಬಂದವಳೂ ನಾನೇ. ಗಂಡ ಇದ್ದ, ಅವನ ಹೆಸರು ಲಿಯೊನಾರ್ಡ್."

ಶಾಹಿದಾ ತಟ್ಟೆಗಳನ್ನು ಸದ್ದಾಗದಂತೆ ಕೆಳಗಿಟ್ಟಳು. ಡೋರೀನ್ ಗ್ವೆಂಡಾಳ ಮುಖ ನೋಡಿದಳು, ಆಮೇಲೆ ಒಲೆ ನೋಡಿದಳು. "ಕಸ್ಟರ್ಡ್ ತಳ ಹಿಡೀತಿದೆ, ಇಳಿಸು" ಎಂದಳು. ಹಿಟ್ಟಿನ ಕೈ ಒರೆಸಿಕೊಂಡು, "ಹೆಡ್‌ಮೇಡಂಗೆ ನೀನೇ ಹೋಗಿ ಹೇಳು. ಬೇರೆ ಬಾಯಿಂದ ಹೋಗೋದು ಬೇಡ" ಎಂದಳು.

ಹೆಡ್‌ಮೇಡಂ ಕೂಗಾಡಲಿಲ್ಲ. ಆಡಳಿತ ಮಂಡಳಿ ಕೂತು ಮಾತಾಡುವ ತನಕ ಮನೆಯಲ್ಲಿರಿ ಎಂದಳು. ಅದರ ಅರ್ಥ ಏನೆಂದು ಇಬ್ಬರಿಗೂ ಗೊತ್ತಿತ್ತು.

ಗ್ವೆಂಡಾ ಮನೆಗೆ ಹೋಗದೆ ಮಾರ್ಕೆಟ್ಟಿಗೆ ನಡೆದಳು. ಮೈಮೇಲೆ ಏಪ್ರನ್ ಹಾಗೇ ಇತ್ತು. ವೆರಿಟಿ ಮುದುಕಿಯೊಬ್ಬಳಿಗೆ ಕೋಟಿನ ಗುಂಡಿ ಹುಡುಕಿ ಕೊಡುತ್ತಿದ್ದಳು. ಮುದುಕಿ ಹೋದ ಮೇಲೆ, "ಟೀವಿಯವರು ಈಗಷ್ಟೇ ಅಂಗಡಿಗೇ ಫೋನ್ ಮಾಡಿದ್ರು" ಎಂದಳು. "ಊರಿಗೆ ಯಾವಾಗ ಬಂದ್ರಿ ಅಂತ ಕೇಳಿದ್ರು. ನಾನು ಎಲ್ಲಿಗೆ ಹೋಗಿದ್ದೆ ಮಾರ್ಗೋ?"

"ಎಲ್ಲಿಗೂ ಇಲ್ಲ. ಸುಳ್ಳು ಹೇಳ್ದೆ. ಹಾಳು ಮಾಡ್ದೆ."

"ಯಾಕೆ?"

"ಹೊಟ್ಟೆಕಿಚ್ಚು" ಎಂದಳು ಗ್ವೆಂಡಾ. ಬೇರೆ ಪದ ಹುಡುಕುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಇವತ್ತು ಅಡುಗೆಮನೆಲಿ ನಿನ್ನ ಹೊಗಳಿದ್ರು. ತಡ್ಕೊಳ್ಳೋಕಾಗದೆ ನಾನೇ ಅಂತ ಹೇಳ್ಕೊಂಡ್ಬಿಟ್ಟೆ. ಕೆಲಸ ಹೋಯ್ತು."

ವೆರಿಟಿ ಚೆಲ್ಲಿದ್ದ ಗುಂಡಿಗಳನ್ನು ಡಬ್ಬಿಗೆ ತುಂಬಿದಳು. ಅವಳಿಗೆ ಸಿಟ್ಟು ಬಂದಿತ್ತು, ಕಿವಿ ಕೆಂಪಾಗಿತ್ತು. ಅವಳು ನಾಲ್ಕು ಬೈದಿದ್ದರೆ ಗ್ವೆಂಡಾಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಶನಿವಾರ ಲಂಡನ್ನಿನಲ್ಲಿ ಚಳವಳಿ ಸಭೆ ಇದೆಯಲ್ಲ, ಪಾರ್ಲಿಮೆಂಟ್ ಎದುರು" ಎಂದಳು ವೆರಿಟಿ ಕೊನೆಗೆ. "ಅಲ್ಲಿ ನಾನು ಮಾತಾಡಬೇಕಿತ್ತು, ಮಾತಾಡಲ್ಲ. ನೀನು ಮಾತಾಡು. ಇನ್ನು ನಿಂಗೆ ಕಳ್ಕೊಳ್ಳೋಕೆ ಏನಿದೆ. ಟೀವಿಲಿ ಹೇಳಿದ ಡಬ್ಬಿ ಕತೆ ಬೆಳಕಲ್ಲಿ ನಿಂತು ಹೇಳು. ಅದು ನನ್ನ ಬಾಯಲ್ಲಿ ಬರಲ್ಲ, ನಂಗೆ ಅಂಥ ಗಂಡ ಇರಲಿಲ್ಲ."

ಅವಳು ಕೌಂಟರಿನ ಕೆಳಗಿಂದ ಪೆನ್ನು ತೆಗೆದು, ಮಾತಾಡುವವರ ಹೆಸರು ಬರೆದು ಸಂಘಟಕರಿಗೆ ಕೊಡಲೆಂದು ಇಟ್ಟಿದ್ದ ಚೀಟಿ ಹಿಡಿದಳು. "ನಿನ್ನ ಹೆಸರೇನು? ಇಷ್ಟು ದಿನ ಆಯ್ತು, ನಂಗೆ ಗೊತ್ತೇ ಇಲ್ಲ."

"ಗ್ವೆಂಡಾ. ಗ್ವೆಂಡಾ ಆಕ್ರಾಯ್ಡ್."

ವೆರಿಟಿ ತನ್ನ ಹೆಸರನ್ನು ಹೊಡೆದುಹಾಕಿ ಅದರ ಮೇಲೆ ಆ ಹೆಸರು ಬರೆದಳು. ಕೈ ಒಂದಿಷ್ಟೂ ತಡವರಿಸಲಿಲ್ಲ. ಗ್ವೆಂಡಾ ನೋಡುತ್ತಾ ನಿಂತಳು. ತಾನು ಬಯಸಿದ್ದೆಲ್ಲ ಆ ಚೀಟಿಯಲ್ಲಿತ್ತು. ಆದರೂ ಅವಳ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಇಷ್ಟು ಸಲೀಸಾಗಿ ಬಿಟ್ಟುಕೊಡಲು ಬರುವುದೂ ಇವಳಿಗೇ ಆಗಬೇಕೆ ಎಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ಕೈ ಚಾಚಿ ಆ ಚೀಟಿಯನ್ನು ತೆಗೆದುಕೊಂಡಳು.