ಓಕ್ ಹಲಗೆಯ ನೆಲ

ಮಗಳ ನಿಶ್ಚಿತಾರ್ಥದ ಊಟ ಇದೇ ಹೋಟೆಲಿನಲ್ಲಿ ಎಂದು ಬೀಗರು ಹೇಳಿದಾಗಲೇ ನನ್ನ ಜೀವ ಬಾಯಿಗೆ ಬಂದಿತ್ತು. ಯುದ್ಧದಲ್ಲಿ ನಮ್ಮೂರು ಸುಖುಮಿ ಬಿಟ್ಟು ಉಟ್ಟ ಬಟ್ಟೆಯಲ್ಲಿ ಓಡಿಬಂದ ನಮ್ಮನ್ನು ಸರ್ಕಾರ ತುಂಬಿದ್ದು ಈ ಕಟ್ಟಡಕ್ಕೇ. ಆಗ ಇದು ಪಾಳುಬಿದ್ದಿತ್ತು. ಮಗಳು ಮಾಕಾ ಹುಟ್ಟಿದ್ದೂ ಇಲ್ಲೇ, ಅವಳಪ್ಪ ಗುರಾಮ್ ಸತ್ತದ್ದೂ ಇಲ್ಲೇ. ರಾಜಧಾನಿ ಟಿಬಿಲಿಸಿಯ ಆ ದೊಡ್ಡ ಮನೆತನದ ಮುಂದೆ ಮಾತ್ರ, ನಾವು ಮೊದಲಿನಿಂದಲೂ ಸ್ವಂತ ಮನೆಯಲ್ಲಿದ್ದವರು ಅಂದುಬಿಟ್ಟಿದ್ದೆ.

"ಬಾಯಿ ಬಿಟ್ಟೀಯ ಮತ್ತೆ," ಎಂದು ಮೆಟ್ಟಿಲ ಮೇಲೇ ಮಗಳನ್ನು ಚಿವುಟಿದೆ.

"ಇದ್ರಲ್ಲಿ ಮುಚ್ಚಿಡೋದೇನಿದೆಯಮ್ಮ? ಸರಿ, ನಿನ್ನಿಷ್ಟ," ಅಂದಳು.

ಊಟಕ್ಕೆ ಮುಂಚೆ ಮ್ಯಾನೇಜರು ಕಟ್ಟಡ ತೋರಿಸಿದ. ಗೋಡೆಯ ತುಂಬ ಹಳೆಯ ಫೋಟೋಗಳು. ಇಲ್ಲಿನ ಬಿಸಿನೀರಿನ ಬುಗ್ಗೆಯ ಸ್ನಾನಕ್ಕೆ ಬಂದ ಜನರಲ್‌ಗಳು, ಟೋಪಿಯ ಹೆಂಗಸರು. ಅವರಾದ ಮೇಲೆ ನೇರವಾಗಿ ಈಗಿನ ಬಣ್ಣದ ಫೋಟೋ. ನಡುವೆ ನಾವಿಲ್ಲ.

"ಈ ಓಕ್ ನೆಲ ಹೊಸದು. ಹಳೇದನ್ನ ನಿರಾಶ್ರಿತರು ಕಿತ್ತು ಒಲೆಗೆ ಹಾಕಿದ್ರು. ಡ್ಯಾನ್ಸ್ ಹಾಲಲ್ಲಿ ಕೋಳಿ ಸಾಕಿದ್ರಂತೆ," ಅಂದ.

"ಪುಣ್ಯಕ್ಕೆ ಗೋಡೆ ತಿನ್ನಲಿಲ್ಲ," ಅಂದರು ಬೀಗರು ಒತಾರ್.

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ನಕ್ಕ ಮೇಲೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆ ಕೋಳಿಗಳು ನನ್ನವೇ.

ಊಟದ ಮೇಜಿನಲ್ಲಿ ಹಾರೈಕೆ ನಡೆಸುವ ಯಜಮಾನರು ಒತಾರ್ ಅವರೇ. ಮಕ್ಕಳಿಗೆ, ನಾಡಿಗೆ ಎಂದು ಹಾರೈಸಿ ಕುಡಿದಾದ ಮೇಲೆ ಅಗಲಿದವರ ಸರದಿ ಬಂತು. ತೀರಿಕೊಂಡ ನಮ್ಮವರ ಹೆಸರು ಹೇಳಿ, ರೊಟ್ಟಿಯ ಮೇಲೆ ಒಂದು ಹನಿ ವೈನ್ ಬಿಟ್ಟು ಕುಡಿಯಬೇಕು. ಯಜಮಾನರು ಮಾತು ಒಪ್ಪಿಸಿದರೆ ಒಲ್ಲೆ ಅನ್ನುವ ಹಾಗಿಲ್ಲ.

"ಈ ಸೂರಿನಡಿ ಬಾಳಿ ಹೋದವರಿಗೆ," ಎಂದು ಗ್ಲಾಸೆತ್ತಿದರು. "ಮುಂದಿನ ಮಾತು ನಿಮ್ಮದು, ಬೀಗಿತ್ತಮ್ಮ."

ಎದ್ದು ನಿಂತೆ. ಗುರಾಮ್‌ನ ಹೆಸರು ನಾಲಿಗೆಯ ತುದಿಗೆ ಬಂತು. "ಆ ಜನರಲ್‌ಗಳಿಗೆ, ಆ ಹೆಂಗಸರಿಗೆ," ಅಂದು ಗಟಗಟ ಕುಡಿದು ಕೂತೆ.

ಮಾಕಾ ಎದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ತನ್ನ ರೊಟ್ಟಿಯ ಮೇಲೆ ವೈನ್ ಬಿಟ್ಟಳು.

"ನಮ್ಮಪ್ಪ ಗುರಾಮ್‌ಗೆ. ನಾನು ಹುಟ್ಟಿದ್ದು ಇದೇ ಹೋಟೆಲಲ್ಲಿ, ಮಾವ. ಹೊರಗೆ ಹಿಮ ಬೀಳ್ತಿತ್ತಂತೆ. ಮಗು ಚಳಿಗೆ ಸೆಟೆದು ಹೋಗಬಾರದು ಅಂತ ನೆಲ ಕಿತ್ತು ಒಲೆಗೆ ಹಾಕಿದ್ದು ನಮ್ಮಪ್ಪಾನೇ."

ಒತಾರ್ ಅವರ ಮುಖ ಕಪ್ಪಿಟ್ಟಿತು. ನಿಧಾನಕ್ಕೆ ಎದ್ದು, ತಮ್ಮ ರೊಟ್ಟಿಯ ಮೇಲೆ ವೈನ್ ಬಿಟ್ಟು, "ಗುರಾಮ್‌ಗೆ," ಅಂದರು. ಮೇಜಿನ ಸುತ್ತ ಎಲ್ಲರೂ ಹಾಗೇ ಮಾಡಿದರು. ನನ್ನ ಗಂಡನ ಹೆಸರನ್ನು ಅವನನ್ನು ಕಾಣದವರ ಬಾಯಲ್ಲಿ ಕೇಳುತ್ತ ನಾಚಿಕೆಯಿಂದ ಕುಗ್ಗಿಹೋದೆ. ನನ್ನ ಗ್ಲಾಸು ಆಗಲೇ ಖಾಲಿಯಾಗಿತ್ತು, ನನ್ನ ರೊಟ್ಟಿಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.